ಒಂದು ‘ಆರ್’, ಒಂದು ಸೊನ್ನೆ

ವಿಮಾನದ ಕಾಕ್‌ಪಿಟ್ಟಿನಲ್ಲಿ ಇಬ್ಬರು ಪೈಲಟ್‌ಗಳ ನಡುವೆ, ಅವರ ಮೊಣಕಾಲಿನ ಮಟ್ಟದಲ್ಲಿ, ಹಳೇ ಕಾಲದ ದಪ್ಪ ಕ್ಯಾಲ್ಕ್ಯುಲೇಟರಿನಂಥ ಪೆಟ್ಟಿಗೆಗಳು ಕೂತಿರುತ್ತವೆ. ಒಬ್ಬೊಬ್ಬರಿಗೆ ಒಂದೊಂದು. ಮೇಲೆ ಅಂಗೈಯಗಲದ ಪರದೆ, ಅದರ ಎಡಕ್ಕೂ ಬಲಕ್ಕೂ ಆರಾರು ಗುಂಡಿ, ಕೆಳಗೆ ಅಂಕಿಗಳ ಮತ್ತು ಅಕ್ಷರಗಳ ಕೀಲಿಮಣೆ. ಈ ಅಕ್ಷರಗಳು ನಮ್ಮ ಕಂಪ್ಯೂಟರಿನಲ್ಲಿರುವಂತೆ ಕಲಸಿಹೋಗಿಲ್ಲ. ಒಂದನೇ ತರಗತಿಯ ಗೋಡೆಯ ಪಟದಲ್ಲಿರುವ ಹಾಗೆ ಎ, ಬಿ, ಸಿ, ಡಿ ಎಂದು ಸಾಲಾಗಿ ನಿಂತಿವೆ. ಕೋಟಿಗಟ್ಟಲೆ ಡಾಲರಿನ ವಿಮಾನದಲ್ಲಿ ಇದೇನು ಇಷ್ಟು ಸಾದಾ ಎನಿಸಬೇಕು, ಹಾಗಿದೆ ಅದರ ಚಹರೆ. ಆದರೆ ಆಕಾಶದಲ್ಲಿ ವಿಮಾನ ಎತ್ತ ಹೋಗಬೇಕೆಂದು ಹೇಳುವುದು ಹೆಚ್ಚಿನ ಹೊತ್ತು ಸ್ಟಿಯರಿಂಗ್ ಅಲ್ಲ, ಈ ಕೀಲಿಗಳು.

ಪೆಟ್ಟಿಗೆ ಬರೀ ಬಾಯಿ ಮತ್ತು ಕಿವಿ. ಮಿದುಳು ನೆಲಹಾಸಿನ ಕೆಳಗೆ, ಎಲೆಕ್ಟ್ರಾನಿಕ್ ಉಪಕರಣಗಳ ಕಪಾಟಿನಲ್ಲಿದೆ. ಅದೇ ಫ್ಲೈಟ್ ಮ್ಯಾನೇಜ್‌ಮೆಂಟ್ ಕಂಪ್ಯೂಟರ್. ವಿಮಾನ ನಿಲ್ದಾಣಗಳು, ರನ್‌ವೇಗಳು, ರೇಡಿಯೊ ಬೀಕನ್‌ಗಳು, ಆಕಾಶದಲ್ಲಿ ಬರೀ ಹೆಸರಾಗಿ ಇರುವ ಬಿಂದುಗಳು ಎಲ್ಲವೂ ಅದರ ನೆನಪಿನಲ್ಲಿ ತುಂಬಿರುತ್ತವೆ. 28 ದಿನಕ್ಕೊಮ್ಮೆ ಆ ಪಟ್ಟಿಯನ್ನು ಹೊಸತು ಮಾಡುತ್ತಾರೆ. ಪೈಲಟ್ ಒಂದು ಬಿಂದುವಿನ ಹೆಸರು ಒತ್ತಿದರೆ ಕಂಪ್ಯೂಟರು ಅದನ್ನು ಹುಡುಕಿ, ಅಲ್ಲಿಗೆ ದಾರಿ ಲೆಕ್ಕ ಹಾಕಿ, ಎದುರಿನ ನಕ್ಷೆಯ ಪರದೆಯ ಮೇಲೆ ಗುಲಾಬಿ ಬಣ್ಣದ ಒಂದು ಗೆರೆ ಎಳೆಯುತ್ತದೆ. ಆಟೊಪೈಲಟ್ ಆ ಗೆರೆಯನ್ನು ಹಿಡಿದು ಹೊರಡುತ್ತದೆ. ಗೆರೆ ಸರಿಯಿದ್ದರೂ ತಪ್ಪಿದ್ದರೂ ಅದು ಅಷ್ಟೇ ನೇರ, ಅಷ್ಟೇ ಸೊಗಸು.

1995ರ ಡಿಸೆಂಬರ್ 20ರ ರಾತ್ರಿ ಅಂಥ ಒಂದು ಗೆರೆ ಬೆಟ್ಟದ ಕಡೆಗೆ ತಿರುಗಿತು.

ಅಮೆರಿಕನ್ ಏರ್‌ಲೈನ್ಸಿನ 965ನೇ ವಿಮಾನ, ಬೋಯಿಂಗ್ 757, ಮಯಾಮಿಯಿಂದ ಕೊಲಂಬಿಯಾದ ಕಾಲಿ ನಗರಕ್ಕೆ ಹೊರಟಿತ್ತು. ಒಳಗೆ 163 ಜನ, ಹೆಚ್ಚಿನವರು ಕ್ರಿಸ್‌ಮಸ್ಸಿಗೆ ಮನೆಗೆ ಹೊರಟವರು. ಹೊರಡುವುದೇ ಹತ್ತಿರ ಹತ್ತಿರ ಎರಡು ತಾಸು ತಡ. ಕಾಲಿ ಇರುವುದು ಕೌಕಾ ನದಿಯ ಕಣಿವೆಯಲ್ಲಿ. ಕಣಿವೆ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿದೆ. ಎರಡು ಮಗ್ಗುಲಿಗೂ ಆಂಡೀಸ್ ಪರ್ವತದ ಸಾಲುಗಳು. ಹಗಲಲ್ಲಿ ನೋಡಿದರೆ ತೊಟ್ಟಿಯೊಳಗೆ ಇಳಿದಂತೆ. ರಾತ್ರಿ ತೊಟ್ಟಿಯ ಗೋಡೆ ಕಾಣುವುದಿಲ್ಲ. ನಿಲ್ದಾಣದ ಬಳಿ ರೇಡಾರ್ ಇದ್ದಿದ್ದರೆ ವಿಮಾನ ಎಲ್ಲಿದೆಯೆಂದು ಕಂಟ್ರೋಲರಿಗೆ ಕಾಣುತ್ತಿತ್ತು. ಆ ರೇಡಾರನ್ನು 1992ರಲ್ಲಿ ಗೆರಿಲ್ಲಾಗಳು ಸ್ಫೋಟಿಸಿಹಾಕಿದ್ದರು. ಹಾಗಾಗಿ ಪೈಲಟ್‌ಗಳು ರೇಡಿಯೊದಲ್ಲಿ ತಾವು ಎಲ್ಲಿದ್ದೇವೆಂದು ಹೇಳಿದ್ದಷ್ಟೇ ಕಂಟ್ರೋಲರಿಗೆ ಗೊತ್ತು.

ಮೊದಲಿನ ಯೋಜನೆಯ ಪ್ರಕಾರ ವಿಮಾನ ಉತ್ತರದಿಂದ ಬಂದು, ನಿಲ್ದಾಣದ ಮೇಲೆ ಹಾದು, ದಕ್ಷಿಣದಲ್ಲಿ ಸುತ್ತುಹಾಕಿ ಇಳಿಯಬೇಕು. ಗಾಳಿ ಇಲ್ಲ, ಉತ್ತರದಿಂದ ನೇರವಾಗಿಯೇ 19ನೇ ರನ್‌ವೇಗೆ ಇಳಿಯಬಹುದಲ್ಲ ಎಂದು ಕಂಟ್ರೋಲರ್ ಕೇಳಿದ. ತಡವಾಗಿದ್ದವರಿಗೆ ಇದು ಬಾಯಿಗೆ ಬಂದ ತುತ್ತು. ಒಪ್ಪಿಕೊಂಡರು. ಆದರೆ ನೇರ ಇಳಿಯಬೇಕೆಂದರೆ ಬೇಗ ಇಳಿಯಬೇಕು. ರೆಕ್ಕೆಯ ಮೇಲಿನ ಸ್ಪೀಡ್‌ಬ್ರೇಕ್ ಹಲಗೆಗಳನ್ನು ಎತ್ತಿ ವಿಮಾನವನ್ನು ತಗ್ಗಿಸತೊಡಗಿದರು. ಜೊತೆಗೆ ಹೊಸ ದಾರಿಯ ನಕ್ಷೆ ತೆಗೆಯಬೇಕು, ಓದಬೇಕು, ಕಂಪ್ಯೂಟರಿಗೆ ಒತ್ತಬೇಕು.

ಅಷ್ಟರಲ್ಲಿ ಒಂದು ಚಿಕ್ಕ ಅನಾಹುತ ಆಗಿಹೋಗಿತ್ತು. ಟುಲುವಾ ಎಂಬ ಬೀಕನ್ ದಾಟಿದಾಗ ಹೇಳಿ ಎಂದು ಕಂಟ್ರೋಲರ್ ಸೂಚಿಸಿದ್ದ. ಕ್ಯಾಪ್ಟನ್ ಮಾತ್ರ ತಮಗೆ ಕಾಲಿಗೆ ನೇರ ಹೋಗಲು ಅನುಮತಿ ಸಿಕ್ಕಿದೆ ಎಂದುಕೊಂಡು ಕಂಪ್ಯೂಟರಿನಲ್ಲಿ ‘ನೇರ ಕಾಲಿ’ ಎಂದು ಒತ್ತಿದರು. ನೇರ ಎಂದಮೇಲೆ ನಡುವಿನ ಊರುಗಳು ಯಾಕೆ? ಕಂಪ್ಯೂಟರು ಟುಲುವಾವನ್ನು ಗೆರೆಯಿಂದ ಅಳಿಸಿತು. ಆಮೇಲೆ ಇಬ್ಬರೂ ಟುಲುವಾ ಎಲ್ಲಿ, ಟುಲುವಾ ಎಲ್ಲಿ ಎಂದು ಪರದೆಯಲ್ಲಿ ತಡಕಾಡಿದರು. ಅದು ಪರದೆಯಲ್ಲೂ ಇರಲಿಲ್ಲ. ವಿಮಾನದ ಮುಂದೆಯೂ ಇರಲಿಲ್ಲ, ಹಿಂದೆ ಉಳಿದಿತ್ತು.

ಗೊಂದಲದ ನಡುವೆ, ರನ್‌ವೇ ಹತ್ತಿರದ ರೋಜೊ ಎಂಬ ಬೀಕನ್‌ಗೆ ನೇರ ಹೋಗಿಬಿಡೋಣ ಎಂದುಕೊಂಡರು. ಕಾಗದದ ನಕ್ಷೆಯಲ್ಲಿ ರೋಜೊದ ಗುರುತು ಒಂದೇ ಅಕ್ಷರ: ‘ಆರ್’. ಆವರ್ತನ 274. ಕ್ಯಾಪ್ಟನ್ ‘ಆರ್’ ಒತ್ತಿದರು.

ನಮ್ಮಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರು ಎಷ್ಟಿವೆಯೋ ಲೆಕ್ಕವಿಲ್ಲ. ‘ಹೊಸಹಳ್ಳಿಗೆ ಒಂದು ಟಿಕೆಟ್’ ಎಂದರೆ ಕಂಡಕ್ಟರ್ ‘ಯಾವ ಹೊಸಹಳ್ಳಿ?’ ಎನ್ನುತ್ತಾನೆ. ಮತ್ತೂರು ಹೊಸಹಳ್ಳಿ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಕಂಪ್ಯೂಟರೂ ಕೇಳುತ್ತದೆ, ಆದರೆ ತನ್ನ ರೀತಿಯಲ್ಲಿ: ‘ಆರ್’ ಗುರುತಿನ ಬೀಕನ್‌ಗಳ ಪಟ್ಟಿಯನ್ನು ಹತ್ತಿರದ್ದು ಮೊದಲು ಎಂಬಂತೆ ಮುಂದಿಡುತ್ತದೆ. ಮೊದಲನೆಯದೇ ರೋಜೊ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬೊಗೊಟಾ ನಗರದ ಬಳಿಯೂ ರೋಮಿಯೊ ಎಂಬ ಬೀಕನ್ ಇತ್ತು. ಅದರ ಗುರುತೂ ‘ಆರ್’, ಆವರ್ತನವೂ 274. ಒಂದೇ ದೇಶದಲ್ಲಿ ಇಂಥ ಎರಡನ್ನು ಒಂದೇ ಗುರುತಿನಲ್ಲಿ ಪಟ್ಟಿಗೆ ಹಾಕುವಂತಿಲ್ಲ ಎಂಬುದು ದತ್ತಾಂಶ ತಯಾರಿಸುವವರ ನಿಯಮ. ದೊಡ್ಡ ಊರಿನ ರೋಮಿಯೊಗೆ ‘ಆರ್’ ಸಿಕ್ಕಿತು. ರೋಜೊವನ್ನು ಕರೆಯಬೇಕೆಂದರೆ ಪೂರ್ತಿ ನಾಲ್ಕಕ್ಷರ ಒತ್ತಬೇಕಾಗಿತ್ತು. ಕಾಗದದ ನಕ್ಷೆ ಒಂದು ಹೇಳುತ್ತಿತ್ತು, ಕಂಪ್ಯೂಟರಿನ ನಕ್ಷೆ ಇನ್ನೊಂದು; ಎರಡೂ ತಮ್ಮ ತಮ್ಮ ಕಾನೂನಿನ ಪ್ರಕಾರ ಸರಿ. ಪಟ್ಟಿಯ ತುದಿಯಲ್ಲಿದ್ದ ರೋಮಿಯೊ ಕಾಲಿಯಿಂದ ಪೂರ್ವ ಈಶಾನ್ಯಕ್ಕೆ 132 ಮೈಲಿ ದೂರದಲ್ಲಿತ್ತು.

ಒತ್ತಿದ ಮೇಲೆ ಜಾರಿಗೊಳಿಸುವ ಕೀಲಿಯೊಂದಿದೆ. ಅದನ್ನು ಮುಟ್ಟುವ ಮುನ್ನ ಒಬ್ಬ ಪೈಲಟ್ ಒತ್ತಿದ್ದನ್ನು ಇನ್ನೊಬ್ಬ ನೋಡಿ ‘ಸರಿ’ ಅನ್ನಬೇಕು. ಆ ರಾತ್ರಿ ಆ ಒಂದು ನೋಟ ತಪ್ಪಿಹೋಯಿತು. ವಿಮಾನ ಎಡಕ್ಕೆ, ಪೂರ್ವದ ಬೆಟ್ಟಸಾಲಿನ ಕಡೆಗೆ, ಸಮಾಧಾನವಾಗಿ ತಿರುಗಿತು. ಪ್ರಯಾಣಿಕರಿಗಿರಲಿ, ಪೈಲಟ್‌ಗಳಿಗೂ ಕೆಲ ಹೊತ್ತು ಅದು ಗೊತ್ತಾಗಲಿಲ್ಲ. ಗೊತ್ತಾದಮೇಲೆ ಬಲಕ್ಕೆ ತಿರುಗಿಸಿದರು, ಆದರೆ ಇಳಿಯುವುದನ್ನು ನಿಲ್ಲಿಸಲಿಲ್ಲ. ಕಣಿವೆಗೆ ವಾಪಸು ಬರುವ ದಾರಿಯಲ್ಲಿ ಈಗ ಒಂದು ಬೆಟ್ಟ ಅಡ್ಡ ಇತ್ತು. ಗುಲಾಬಿ ಗೆರೆಯ ಆ ಪರದೆಯಲ್ಲಿ ಬೆಟ್ಟ ಕಾಣುವ ವ್ಯವಸ್ಥೆ ಇರಲಿಲ್ಲ. ದಾರಿ ಮಾತ್ರ; ನೆಲ ಇಲ್ಲ.

ನೆಲ ಹತ್ತಿರವಾದರೆ ಕೂಗುವ ಯಂತ್ರ ಆಗಲೂ ಇತ್ತು. ಆದರೆ ಅದು ಕಾಲ ಕೆಳಗೆ ನೋಡುತ್ತಿತ್ತೇ ಹೊರತು ಕಣ್ಣ ಮುಂದೆ ಅಲ್ಲ. ಇಳಿಜಾರು ವಿಮಾನದ ಅಡಿಗೆ ಏರಿಬಂದಾಗ ಅದು ಕೂಗಿತು. ಉಳಿದದ್ದು ಸುಮಾರು ಹನ್ನೆರಡು ಸೆಕೆಂಡು. ಪೈಲಟ್‌ಗಳು ಎಂಜಿನ್‌ಗಳಿಗೆ ಪೂರ್ತಿ ಬಲ ಕೊಟ್ಟು ಮೂತಿ ಎತ್ತಿದರು. ಬೇಗ ಇಳಿಯಲೆಂದು ಎತ್ತಿದ್ದ ಸ್ಪೀಡ್‌ಬ್ರೇಕ್ ಹಲಗೆಗಳು ಎತ್ತಿದ ಹಾಗೆಯೇ ಇದ್ದವು. ಆ ಗಾಬರಿಯಲ್ಲಿ ಅದು ಯಾರ ನೆನಪಿಗೂ ಬರಲಿಲ್ಲ. ಎಲ್ ಡೆಲುವಿಯೊ ಎಂಬ ಬೆಟ್ಟದ ನೆತ್ತಿಯ ಹತ್ತಿರ, ಸುಮಾರು 8,900 ಅಡಿ ಎತ್ತರದಲ್ಲಿ, ವಿಮಾನ ಮರಗಳಿಗೆ ತಾಗಿತು. ಹಲಗೆಗಳನ್ನು ತಕ್ಷಣ ಮಡಚಿದ್ದರೆ ಬೆಟ್ಟವನ್ನು ದಾಟುವ ಸಾಧ್ಯತೆ ಇತ್ತೆಂದು ಆಮೇಲೆ ಲೆಕ್ಕ ಹಾಕಿದರು. 159 ಜನ ಸತ್ತರು. ನಾಲ್ವರು ಬದುಕಿದರು.

ಕಂಟ್ರೋಲರ್ ತನಿಖೆಯಲ್ಲಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಪೈಲಟ್‌ಗಳು ಕೇಳುತ್ತಿದ್ದುದು ಅವನಿಗೆ ಅಸಂಬದ್ಧ ಎನಿಸಿತ್ತಂತೆ. ಅವರು ಸ್ಪ್ಯಾನಿಷ್ ಮಾತಾಡುವವರಾಗಿದ್ದರೆ ಬಿಡಿಸಿ ಕೇಳುತ್ತಿದ್ದನಂತೆ. ಅವನಿಗಿದ್ದ ಇಂಗ್ಲಿಷು ‘ಇಳಿಯಿರಿ’, ‘ಏರಿರಿ’, ‘ಹೇಳಿ’ ಎನ್ನುವುದಕ್ಕೆ ಸಾಕಿತ್ತು. ‘ನೀವು ಹೇಳುವುದಕ್ಕೆ ಅರ್ಥವೇ ಇಲ್ಲವಲ್ಲ ಸ್ವಾಮಿ’ ಎನ್ನುವುದಕ್ಕೆ ಸಾಲದು.

ಬೆಟ್ಟದ ಮೇಲೆ ಚೆದುರಿದ ಲೋಹದ ನಡುವೆ ಆ ಕಂಪ್ಯೂಟರಿನ ನೆನಪಿನ ಚಿಪ್‌ಗಳು ಸಿಕ್ಕವು. ವಿದ್ಯುತ್ ಹೋದರೂ ಬರೆದದ್ದನ್ನು ಉಳಿಸಿಕೊಳ್ಳುವ ಬಗೆಯವು. ಅವುಗಳಲ್ಲಿದ್ದುದನ್ನು ಓದಿಸಿದಾಗ ಹೊರಬಂದದ್ದು ರೋಮಿಯೊದ ಹೆಸರು. ‘ಆರ್’ ಒತ್ತಿದ್ದು ಹೀಗೆ ಊಹೆಯ ಮಾತಾಗಿ ಉಳಿಯಲಿಲ್ಲ. ಮಯಾಮಿಯ ಜ್ಯೂರಿ 2000ದಲ್ಲಿ ಹೊಣೆಯನ್ನು ಹಂಚಿತು: ವಿಮಾನ ಕಂಪನಿಗೆ ನೂರಕ್ಕೆ 75, ದತ್ತಾಂಶ ಕೊಟ್ಟ ಜೆಪ್ಪೆಸನ್‌ಗೆ 17, ಕಂಪ್ಯೂಟರ್ ಮಾಡಿದ ಹನಿವೆಲ್‌ಗೆ 8. ಆಸ್ತಿ ಪಾಲು ಮಾಡಿದಷ್ಟು ಅಚ್ಚುಕಟ್ಟು. ನನ್ನನ್ನು ಕೇಳಿದರೆ, ಎರಡು ಬೀಕನ್‌ಗಳಿಗೆ ಒಂದೇ ಅಕ್ಷರ, ಒಂದೇ ಆವರ್ತನ ಕೊಟ್ಟು ಕೂತವರಿಗೂ ಒಂದಿಷ್ಟು ಪಾಲು ಹೋಗಬೇಕಿತ್ತು.

ಈ ಅಪಘಾತದ ನಂತರವೇ ಕಣ್ಣ ಮುಂದೆ ನೋಡುವ ಯಂತ್ರ ಬಿರುಸಾಗಿ ವಿಮಾನಗಳಿಗೆ ಬಂತು. ಅದರ ಹಿಂದಿದ್ದವರು ಡಾನ್ ಬೇಟ್‌ಮನ್ ಎಂಬ ಎಂಜಿನಿಯರು. ಇಡೀ ಭೂಮಿಯ ಏರುತಗ್ಗುಗಳನ್ನು ಕಂಪ್ಯೂಟರಿಗೆ ತುಂಬಿಸಿ, ವಿಮಾನ ಇರುವ ಜಾಗಕ್ಕೆ ಹೋಲಿಸಿ, ಮುಂದೆ ಬೆಟ್ಟವಿದ್ದರೆ ಮೊದಲೇ ಕೂಗುವ ಏರ್ಪಾಡು. ಅದಕ್ಕೆ ಬೇಕಾದ ನಕ್ಷೆಗಳು ಸುಲಭಕ್ಕೆ ಸಿಗಲಿಲ್ಲ. ಸೋವಿಯತ್ ಒಕ್ಕೂಟ ಒಡೆದಮೇಲೆ ಅಲ್ಲಿಂದ ಮಾರಾಟಕ್ಕೆ ಬಂದ ಮಿಲಿಟರಿ ನಕ್ಷೆಗಳನ್ನೂ ಅವರು ಕೊಂಡು ತಂದರು. ಆದರೆ ‘ವಿಮಾನ ಇರುವ ಜಾಗಕ್ಕೆ ಹೋಲಿಸಿ’ ಎಂದೆನಲ್ಲ, ಅಲ್ಲೇ ಇನ್ನೊಂದು ಕಥೆ ಇದೆ.

2015ರ ಮಾರ್ಚ್ 10. ಏರ್‌ಏಷ್ಯಾ ಎಕ್ಸ್‌ನ ಏರ್‌ಬಸ್ 330 ಸಿಡ್ನಿಯಿಂದ ಕ್ವಾಲಾಲಂಪುರಕ್ಕೆ ಹೊರಡಬೇಕು. ಹೊರಡುವ ಮುನ್ನ ಒಬ್ಬ ಪೈಲಟ್ ಕೆಳಗಿಳಿದು ವಿಮಾನದ ಸುತ್ತ ಒಂದು ಸುತ್ತು ಹಾಕಿ ನೋಡುತ್ತಾನೆ, ಇನ್ನೊಬ್ಬ ಒಳಗೆ ಕಂಪ್ಯೂಟರಿಗೆ ಅಂಕಿ ತುಂಬುತ್ತಾನೆ. ಆ ದಿನ ಹೊರಗೆ ಹೋಗಬೇಕಾಗಿದ್ದ ಕ್ಯಾಪ್ಟನ್‌ಗೆ ಕಿವಿಗೆ ಹಾಕಿಕೊಳ್ಳುವ ಶಬ್ದರಕ್ಷಕ ಸಿಗಲಿಲ್ಲ. ಹಾಗಾಗಿ ಕೆಲಸ ಅದಲುಬದಲು ಮಾಡಿಕೊಂಡರು. ಕ್ಯಾಪ್ಟನ್ ಒಳಗೆ ಕೂತು ವಿಮಾನ ನಿಂತಿರುವ ಜಾಗದ ಅಕ್ಷಾಂಶ ರೇಖಾಂಶ ಒತ್ತಿದರು. ರೇಖಾಂಶ 151 ಡಿಗ್ರಿ 9.8 ನಿಮಿಷ ಪೂರ್ವ. ಕೀಲಿಯಲ್ಲಿ ಅದು 15109.8. ಒತ್ತಿದ್ದು 01519.8.

ಎರಡನ್ನೂ ಮೇಲೆ ಕೆಳಗೆ ಬರೆದು ನೋಡಿ. ಅಂಕಿಗಳು ಅವೇ. ಸೊನ್ನೆಯೊಂದು ನಡುವಿನಿಂದ ಎದ್ದು ಮುಂದಕ್ಕೆ ಬಂದು ಕೂತಿದೆ, ಅಷ್ಟೇ. 151 ಡಿಗ್ರಿ ಹೋಗಿ 15 ಡಿಗ್ರಿ ಆಯಿತು. ಸಿಡ್ನಿಯಲ್ಲಿ ನಿಂತಿದ್ದ ವಿಮಾನ, ತಾನು 11,000 ಕಿಲೋಮೀಟರಿಗೂ ಹೆಚ್ಚು ದೂರ, ಆಫ್ರಿಕಾದ ಕೇಪ್‌ಟೌನ್ ಆಚೆಯ ಅಟ್ಲಾಂಟಿಕ್ ಸಮುದ್ರದಲ್ಲಿ ಇದ್ದೇನೆಂದು ನಂಬಿಬಿಟ್ಟಿತು.

ಇಷ್ಟು ದೊಡ್ಡ ಸುಳ್ಳನ್ನು ಯಂತ್ರ ಹೇಗೆ ನುಂಗಿತು? ಇದಕ್ಕೆ ಉತ್ತರ ಭೂಮಿಯ ತಿರುಗಾಟದಲ್ಲಿದೆ. ನನಗೆ ಇಡೀ ವಿಷಯದಲ್ಲಿ ತುಂಬ ರುಚಿಸುವ ಭಾಗವೂ ಇದೇ.

ವಿಮಾನದ ಹೊಟ್ಟೆಯಲ್ಲಿ ಜಡತ್ವ ಸಂಚಲನೆಯ ಪೆಟ್ಟಿಗೆಗಳಿರುತ್ತವೆ. ಅವುಗಳೊಳಗೆ ವೇಗೋತ್ಕರ್ಷ ಅಳೆಯುವ ಮೂರು ಸಾಧನ, ತಿರುಗುವಿಕೆ ಅಳೆಯುವ ಮೂರು ಲೇಸರ್ ಜೈರೊಸ್ಕೋಪ್. ಹೊರಡುವ ಮುನ್ನ ವಿಮಾನ ಅಲುಗಾಡದೆ ಹತ್ತು ನಿಮಿಷ ನಿಂತರೆ ಈ ಪೆಟ್ಟಿಗೆ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಗುರುತ್ವದಿಂದ ಕೆಳಗು ಯಾವುದೆಂದು ತಿಳಿಯುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದನ್ನು ಜೈರೊಸ್ಕೋಪ್ ಹಿಡಿಯುತ್ತದೆ; ಅದರಿಂದ ಉತ್ತರ ಯಾವುದೆಂದು ತಿಳಿಯುತ್ತದೆ. ಇಷ್ಟೇ ಅಲ್ಲ. ಧ್ರುವದಲ್ಲಿ ನಿಂತವನು ನಿಂತಲ್ಲೇ ಬುಗುರಿಯಂತೆ ಸುತ್ತುತ್ತಾನೆ. ಸಮಭಾಜಕ ವೃತ್ತದಲ್ಲಿ ನಿಂತವನು ಸುತ್ತುವುದಿಲ್ಲ, ತಲೆಕೆಳಗಾಗುವಂತೆ ಉರುಳುತ್ತಾನೆ. ನಡುವೆ ಇರುವವರಿಗೆ ಎರಡೂ ಬೆರೆತು ಸಿಗುತ್ತವೆ. ಬೆರಕೆಯ ಪ್ರಮಾಣ ನೋಡಿ ಪೆಟ್ಟಿಗೆ ತನ್ನ ಅಕ್ಷಾಂಶವನ್ನು ತಾನೇ ಅಂದಾಜು ಮಾಡಬಲ್ಲದು. ಅಕ್ಷಾಂಶ ತಪ್ಪಾಗಿ ಒತ್ತಿದರೆ ‘ಇದು ನನಗೆ ಅನಿಸುವುದಕ್ಕೆ ಹೊಂದುವುದಿಲ್ಲ’ ಎಂದು ತಕರಾರು ಮಾಡಬಲ್ಲದು.

ರೇಖಾಂಶಕ್ಕೆ ಈ ಅನುಕೂಲ ಇಲ್ಲ. ಬೆಂಗಳೂರು ವಿಮಾನ ನಿಲ್ದಾಣ ಇರುವುದು ಸುಮಾರು 13 ಡಿಗ್ರಿ 12 ನಿಮಿಷ ಉತ್ತರ, 77 ಡಿಗ್ರಿ 42 ನಿಮಿಷ ಪೂರ್ವದಲ್ಲಿ. 77ರಲ್ಲಿ ಒಂದು ಏಳು ಬಿಟ್ಟುಹೋದರೆ ನೀವು ಆಫ್ರಿಕಾದಲ್ಲಿ, ನೈಜೀರಿಯಾದ ಕಟ್ಸಿನಾ ಊರಿನ ಆಸುಪಾಸಿನ ಗಡಿಯಲ್ಲಿ ಇರುತ್ತೀರಿ. ಆದರೆ ದೇವನಹಳ್ಳಿಯಲ್ಲಿ ನಿಂತ ಜೈರೊಸ್ಕೋಪಿಗೂ ಕಟ್ಸಿನಾದಲ್ಲಿ ನಿಂತ ಜೈರೊಸ್ಕೋಪಿಗೂ ಭೂಮಿಯ ತಿರುಗು ಒಂದೇ. ಪೂರ್ವ ಪಶ್ಚಿಮಗಳಲ್ಲಿ ವ್ಯತ್ಯಾಸವಾಗುವುದು ಸೂರ್ಯ ಮೂಡುವ ಹೊತ್ತು ಮಾತ್ರ. ಅದು ಗೊತ್ತಾಗಬೇಕಾದರೆ ಹೊರಗೆ ನೋಡಬೇಕು, ಜೊತೆಗೆ ಒಂದು ಗಡಿಯಾರವೂ ಬೇಕು. ಹಡಗಿನವರು ಶತಮಾನಗಳ ಕಾಲ ಒದ್ದಾಡಿದ್ದು ಇದಕ್ಕೇ. ನಕ್ಷತ್ರ ನೋಡಿ ಅಕ್ಷಾಂಶ ಹೇಳುತ್ತಿದ್ದರು, ರೇಖಾಂಶ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಬ್ರಿಟಿಷ್ ಸಂಸತ್ತು 1714ರಲ್ಲಿ ಅದಕ್ಕೆ 20,000 ಪೌಂಡ್‌ವರೆಗಿನ ಬಹುಮಾನ ಇಟ್ಟಿತು. ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ಸಮುದ್ರದ ಅಲೆಗೂ ತಪ್ಪದ ಗಡಿಯಾರ ಮಾಡಿ ಉತ್ತರ ಕೊಟ್ಟ. ಅಷ್ಟು ಹಳೆಯ ಆ ಕುರುಡುತನ ವಿಮಾನದ ಪೆಟ್ಟಿಗೆಯೊಳಗೂ ಉಳಿದಿದೆ. ಸಿಡ್ನಿ, ಕೇಪ್‌ಟೌನ್ ಎರಡೂ ಹೆಚ್ಚುಕಡಿಮೆ 34 ಡಿಗ್ರಿ ದಕ್ಷಿಣದಲ್ಲೇ ಇರುವ ಊರುಗಳು. ಪೆಟ್ಟಿಗೆಗೆ ಅನುಮಾನಪಡಲು ಕಾರಣವೇ ಸಿಗಲಿಲ್ಲ.

ಪೈಲಟ್‌ಗಳಿಗೆ ಮಾತ್ರ ಸಿಗಬಹುದಾಗಿತ್ತು. ಎಚ್ಚರಿಕೆಯ ಸೂಚನೆಗಳು ಒಂದೆರಡು ಸಲ ತೋರಿದವು. ಗಮನಕ್ಕೆ ಬರಲಿಲ್ಲ, ಬಂದವು ಅರ್ಥವಾಗಲಿಲ್ಲ. ಇಂಥ ತಪ್ಪನ್ನು ತಡೆಯುವ ಹೊಸ ವ್ಯವಸ್ಥೆಯೊಂದಿತ್ತು, ಈ ವಿಮಾನಕ್ಕೆ ಅದನ್ನು ಹಾಕಿರಲಿಲ್ಲ. ವಿಮಾನ ಮೇಲೆದ್ದಿತು, ಆಟೊಪೈಲಟ್ ಹಿಡಿಯಿತು, ಹಿಡಿದದ್ದೇ ಎಡಕ್ಕೆ, ಪಕ್ಕದ ಸಮಾನಾಂತರ ರನ್‌ವೇಯಿಂದ ವಿಮಾನಗಳು ಏರುವ ದಾರಿಗೆ ಅಡ್ಡವಾಗಿ ತಿರುಗಿತು. ಸಿಡ್ನಿಯಲ್ಲಿ ರೇಡಾರ್ ಇತ್ತು, ಕಂಟ್ರೋಲರ್ ಕೂಡಲೇ ಹಿಡಿದರು. ಹಾರುತ್ತಲೇ ಸರಿಪಡಿಸಲು ಹೋಗಿ ಪೈಲಟ್‌ಗಳು ಪೆಟ್ಟಿಗೆಗಳನ್ನು ಇನ್ನಷ್ಟು ಕೆಡಿಸಿಕೊಂಡರು. ಸಿಡ್ನಿಯ ಮೇಲೆ ಮೋಡ ತಗ್ಗಿತ್ತು. ಮೆಲ್ಬರ್ನ್‌ನಲ್ಲಿ ಬೆಳಕು ಚೆನ್ನಾಗಿತ್ತು. ಅಲ್ಲಿಗೆ ಹೋಗಿ ಕಣ್ಣಳತೆಯಲ್ಲಿ ಇಳಿದರು. ಯಾರಿಗೂ ಏನೂ ಆಗಲಿಲ್ಲ. ಕಾಲಿಯಲ್ಲಿ ಇಲ್ಲದ ರೇಡಾರು, ಇಲ್ಲದ ಹಗಲು, ಇಲ್ಲದ ಸರಳ ಇಂಗ್ಲಿಷು ಇಲ್ಲಿದ್ದವು.

ಅಂಕಿ ಸರಿಯಾಗಿ ಒತ್ತಿಯೂ ಕೆಟ್ಟದ್ದುಂಟು. ಏರ್ ನ್ಯೂಜಿಲೆಂಡ್‌ನವರು ಎಪ್ಪತ್ತರ ದಶಕದಲ್ಲಿ ಅಂಟಾರ್ಕ್ಟಿಕಾವನ್ನು ಮೇಲಿಂದ ತೋರಿಸಿ ವಾಪಸು ಕರೆತರುವ ವಿಹಾರ ಹಾರಾಟ ನಡೆಸುತ್ತಿದ್ದರು. ದಾರಿಯನ್ನು ಕಂಪ್ಯೂಟರಿಗೆ ಹಾಕುವಾಗ ಯಾರೋ ಕೊನೆಯ ಬಿಂದುವಿನ ರೇಖಾಂಶ 166 ಡಿಗ್ರಿ 48 ನಿಮಿಷ ಎನ್ನುವ ಬದಲು 164 ಡಿಗ್ರಿ 48 ಎಂದು ಒತ್ತಿದ್ದರು. ತಪ್ಪಾದ ಆ ದಾರಿ ಮಕ್‌ಮರ್ಡೊ ಕೊಲ್ಲಿಯ ಸಮತಟ್ಟಾದ ಮಂಜಿನ ಮೇಲೆ ಹಾಯುತ್ತಿತ್ತು. ಹದಿನಾಲ್ಕು ತಿಂಗಳು ಯಾರಿಗೂ ತೊಂದರೆ ಆಗಲಿಲ್ಲ. 1979ರ ನವೆಂಬರ್ 28ರ ಹಾರಾಟದ ಕ್ಯಾಪ್ಟನ್ ಮನೆಯಲ್ಲಿ ಅಟ್ಲಾಸ್ ಬಿಡಿಸಿ ಅದೇ ದಾರಿಯನ್ನು ಗುರುತು ಹಾಕಿಕೊಂಡಿದ್ದರು. ಅದೇ ದಿನ ಬೆಳಗಿನ ಜಾವ ಕಚೇರಿಯಲ್ಲಿ ತಪ್ಪನ್ನು ‘ಸರಿ’ ಮಾಡಿದರು. ಬಿಂದು ಪೂರ್ವಕ್ಕೆ ಸುಮಾರು 27 ಮೈಲಿ ಸರಿಯಿತು. ಪೈಲಟ್‌ಗಳಿಗೆ ಹೇಳಲಿಲ್ಲ. ಕೊಟ್ಟ ಅಂಕಿಗಳನ್ನು ಅವರು ನಿಷ್ಠೆಯಿಂದ ಒತ್ತಿದರು. ಸರಿಯಾದ ಆ ಹೊಸ ದಾರಿಯ ಮೇಲೆ ಎರೆಬಸ್ ಎಂಬ 3,794 ಮೀಟರ್ ಎತ್ತರದ ಜ್ವಾಲಾಮುಖಿ ನಿಂತಿತ್ತು. ಮೋಡದ ಬಿಳುಪೂ ಮಂಜಿನ ಬಿಳುಪೂ ಬೆರೆತು ಎದುರಿನ ಇಳಿಜಾರು ಸಮತಟ್ಟಿನಂತೆ ಕಂಡಿತು. 257 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಮೊದಲು ಪೈಲಟ್‌ಗಳ ಮೇಲೆ ಬಂದ ಆರೋಪವನ್ನು ಪೀಟರ್ ಮಹಾನ್ ನೇತೃತ್ವದ ಆಯೋಗ 1981ರಲ್ಲಿ ತಳ್ಳಿಹಾಕಿ, ಆ ಹೇಳದೇ ಬದಲಿಸಿದ ಅಂಕಿಗಳ ಕಡೆಗೆ ಬೆರಳು ತೋರಿತು.

ಈಗ ಇದೆಲ್ಲ ಹಳೆಯ ಮಾತು, ಜಿಪಿಎಸ್ ಇದೆಯಲ್ಲ ಎನ್ನುವವರಿದ್ದಾರೆ. ಜಿಪಿಎಸ್ ಜನಸಾಮಾನ್ಯರಿಗೆ ಬರುವುದರ ಹಿಂದೆಯೂ ಒಂದು ದಾರಿ ತಪ್ಪಿದ ವಿಮಾನವಿದೆ. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸಿನ 007, ಆಟೊಪೈಲಟ್ ದಾರಿಯ ಗೆರೆಗೆ ಅಂಟಿಕೊಳ್ಳದೆ, ಮೆಲ್ಲಗೆ ವಾಲುತ್ತಾ ಸೋವಿಯತ್ ಆಕಾಶಕ್ಕೆ ನುಗ್ಗಿತು. ಅವರು ಹೊಡೆದುರುಳಿಸಿದರು, 269 ಜನ ಸತ್ತರು. ಆ ಬೆನ್ನಿಗೇ ಅಮೆರಿಕದ ಅಧ್ಯಕ್ಷ ರೇಗನ್, ತಯಾರಾದ ಮೇಲೆ ಜಿಪಿಎಸ್ ನಾಗರಿಕ ವಿಮಾನಗಳಿಗೂ ಸಿಗುತ್ತದೆ ಎಂದು ಘೋಷಿಸಿದರು. ಇಂದು ವಿಮಾನ ನಿಂತ ಜಾಗ ಅದಕ್ಕೇ ತಾನಾಗಿ ಗೊತ್ತಿರುತ್ತದೆ, ಸೊನ್ನೆ ಜಾರುವ ಭಯ ಬಹಳ ಕಡಿಮೆ.

ಆದರೆ 2023ರ ಸೆಪ್ಟೆಂಬರ್ ಹೊತ್ತಿಗೆ ಇರಾನ್, ಇರಾಕ್‌ಗಳ ಮೇಲೆ ಹಾರುವ ವಿಮಾನಗಳಿಗೆ ಯಾರೋ ನೆಲದಿಂದ ಸುಳ್ಳು ಜಿಪಿಎಸ್ ಸಂಕೇತ ಕಳಿಸತೊಡಗಿದರು. ಬೆಂಗಳೂರು, ದೆಹಲಿಗಳಿಂದ ಯೂರೋಪಿಗೆ ಹೋಗುವ ಅನೇಕ ಹಾರಾಟಗಳ ದಾರಿಯೂ ಆ ಕಡೆಯದೇ. ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಅದೇ ವರ್ಷ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿತು. ಈ ಸುಳ್ಳು ಕೀಲಿಯಿಂದ ಬರುವುದಿಲ್ಲ, ಆಕಾಶದಿಂದ ಬರುತ್ತದೆ; ಜಾಗದ ಜೊತೆ ಗಡಿಯಾರವನ್ನೂ ಕೆಡಿಸಬಲ್ಲದು. ಕೆಲವು ವಿಮಾನಗಳ ಜಡತ್ವದ ಪೆಟ್ಟಿಗೆಗಳೂ ಜಿಪಿಎಸ್ ಮಾತು ಕೇಳಿ ತಮ್ಮ ಲೆಕ್ಕವನ್ನು ತಿದ್ದಿಕೊಂಡು ಕೆಟ್ಟವು.

ಆ ಪ್ರದೇಶ ಬರುವ ಮುನ್ನ ಈಗ ಕೆಲವು ವಿಮಾನಗಳಲ್ಲಿ ಪೈಲಟ್‌ಗಳು ಅದೇ ಹಳೆಯ ಪೆಟ್ಟಿಗೆಯ ಪುಟ ತೆರೆದು, ಜಿಪಿಎಸ್ ಹೇಳುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಒತ್ತುತ್ತಾರೆ. ಒಬ್ಬರು ಒತ್ತುತ್ತಾರೆ, ಇನ್ನೊಬ್ಬರು ನೋಡಿ ಜೋರಾಗಿ ಓದುತ್ತಾರೆ. ಅಲ್ಲಿಂದ ಮುಂದಿನ ಒಂದೆರಡು ತಾಸು ವಿಮಾನಕ್ಕೆ ತಾನೆಲ್ಲಿದ್ದೇನೆಂದು ಗೊತ್ತಿರುವುದು ಬಹುಪಾಲು ಒಳಗಿನ ಜೈರೊಸ್ಕೋಪುಗಳ ಲೆಕ್ಕದಿಂದ. ಆ ಲೆಕ್ಕ ಶುರುವಾಗಿದ್ದು ಗೇಟಿನಲ್ಲಿ, ಅಲುಗಾಡದೆ ನಿಂತಿದ್ದ ಹತ್ತು ನಿಮಿಷದಲ್ಲಿ, ಆಗ ಅದಕ್ಕೆ ಕೊಟ್ಟ ಒಂದು ರೇಖಾಂಶದಿಂದ.